ಇಂದಿನ ಧಮ್ಮ ಚಿಂತನೆ: ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಹೋಗುವ ಮನೆಯವರಿಗೆ





ನಮ್ಮ ಅಧ್ಯಯನ ವಲಯದ ಒಂದು ಮನೆಯ ಹೆಣ್ಣುಮಗುವಿಗೆ ರಕ್ತದ ಕ್ಯಾನ್ಸರ್ ಇರಬಹುದು ಎಂದು ಹೇಳಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಳಿಸಿದ್ದಾರೆ. ಮಗುವಿನ ತಾಯಿ ನನ್ನನ್ನು ಎರಡು ಪ್ರಶ್ನೆ ಕೇಳಿದರು. ಅಲ್ಲಿ ಏನೇನು ಮಾಡುತ್ತಾರೆ ಅನ್ನೋದು ಒಂದು. ಎರಡನೆಯದನ್ನು ದನಿ ತಗ್ಗಿಸಿ ಕೇಳಿದರು: "ಮನೆದೇವರನ್ನ ಬಿಟ್ಟಿದ್ದಕ್ಕೇ ಹಿಂಗಾಯ್ತು ಅಂತ ಊರ ಕಡೆಯವರು ಹೇಳ್ತಿದ್ದಾರೆ. ಹಂಗೇನಾದ್ರೂ ಇರುತ್ತಾ ಅಣ್ಣ?" ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ. ಆ ಮಾತು ತಲೆಯಲ್ಲಿ ಕೂತಿದ್ದರೆ ಡಾಕ್ಟರ್ ಹೇಳುವುದು ಯಾವುದೂ ಕಿವಿಗೆ ಬೀಳುವುದಿಲ್ಲ.

ರಾಜಗೃಹದ ವೇಣುವನದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧರ ಬಳಿ ಬಂದ ಪ್ರಸಂಗ ಸಂಯುತ್ತ ನಿಕಾಯದಲ್ಲಿ ಇದೆ. ಮನುಷ್ಯ ಅನುಭವಿಸುವ ಸುಖ ದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರಲ್ಲ, ನೀವು ಏನು ಹೇಳುತ್ತೀರಿ ಎಂದು ಅವನು ಕೇಳಿದ. ಬುದ್ಧರು ಒಪ್ಪಲಿಲ್ಲ. ನೋವು ಪಿತ್ತದಿಂದ ಬರುತ್ತದೆ, ಕಫದಿಂದ ಬರುತ್ತದೆ, ವಾತದಿಂದ ಬರುತ್ತದೆ, ಮೂರೂ ಕೂಡಿ ಬರುತ್ತದೆ, ಋತು ಬದಲಾದಾಗ ಬರುತ್ತದೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಬರುತ್ತದೆ, ಹೊರಗಿನ ಪೆಟ್ಟಿನಿಂದ ಬರುತ್ತದೆ ಎಂದು ಒಂದೊಂದಾಗಿ ಎಣಿಸಿದರು. ಎಲ್ಲವನ್ನೂ ಹಿಂದಿನದರ ಮೇಲೆ ಹಾಕುವವರು ತಮಗೆ ಗೊತ್ತಿರುವುದನ್ನೂ ಲೋಕಕ್ಕೆ ಗೊತ್ತಿರುವುದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂದರು. ಆ ಪಟ್ಟಿಯಲ್ಲಿ ಎಂಟನೆಯದಾಗಿ ಕಮ್ಮವೂ ಬರುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಎಂಟರಲ್ಲಿ ಒಂದು, ಅಷ್ಟೇ. ಮನೆದೇವರ ಮುನಿಸು ಮಾತ್ರ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಬಾಬಾಸಾಹೇಬರು ಇನ್ನೂ ಮುಂದೆ ಹೋದರು. 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ, ಹಿಂದಿನ ಜನ್ಮದ ಕರ್ಮ ಎಂಬ ವಾದದಿಂದ ಯಾರಿಗೆ ಉಪಯೋಗ ಎಂದು ಕೇಳಿ, ಬಡವರ, ಕೆಳಗಿಟ್ಟವರ ಸ್ಥಿತಿಗೆ ಸರ್ಕಾರ ಮತ್ತು ಸಮಾಜ ಹೊಣೆ ತಪ್ಪಿಸಿಕೊಳ್ಳುವುದಕ್ಕೆ ಎಂದು ಉತ್ತರಿಸಿದರು. ಇದನ್ನು ಬರೆದವರ ಮನೆಯನ್ನೂ ನೆನೆಯಿರಿ. ಅವರ ಮತ್ತು ತಾಯಿ ರಮಾಬಾಯಿಯವರ ಐದು ಮಕ್ಕಳಲ್ಲಿ ಗಂಗಾಧರ, ರಮೇಶ, ಇಂದು, ರಾಜರತ್ನ ನಾಲ್ವರೂ ಎಳವೆಯಲ್ಲೇ ತೀರಿಹೋದರು. ರಾಜರತ್ನ ಹೋದದ್ದು 1926ರಲ್ಲಿ. ಉಳಿದವರು ಯಶವಂತ ಒಬ್ಬರೇ. ನಾಲ್ಕು ಮಕ್ಕಳನ್ನು ಕಳೆದುಕೊಂಡ ಆ ತಂದೆ, ಮಕ್ಕಳ ಸಾವಿಗೆ ಮಕ್ಕಳ ಪೂರ್ವಜನ್ಮವನ್ನು ದೂರಲಿಲ್ಲ.

ವೈದ್ಯಶಾಸ್ತ್ರ ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚು ಕಾಣುವುದು ರಕ್ತದ ಕ್ಯಾನ್ಸರ್, ಅದರಲ್ಲೂ ಡಾಕ್ಟರುಗಳು ಎ.ಎಲ್.ಎಲ್. ಎಂದು ಕರೆಯುವ ಬಗೆ. ಮೂಳೆಯ ಮಜ್ಜೆಯಲ್ಲಿ ರಕ್ತದ ಕಣ ತಯಾರಾಗುವಾಗ ಒಂದು ಕಣದ ಜೀನ್‌ಗಳಲ್ಲಿ ಏರುಪೇರಾಗಿ, ಬಲಿಯದ ಕಣಗಳು ಮಿತಿಮೀರಿ ಹುಟ್ಟುತ್ತವೆ. ಬಹುಪಾಲು ಮಕ್ಕಳಲ್ಲಿ ಇದಕ್ಕೆ ಇಂಥದ್ದೇ ಕಾರಣ ಎಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಬಸುರಿಯಲ್ಲಿ ತಾಯಿ ತಿಂದದ್ದಲ್ಲ, ಮಗು ಆಟದಲ್ಲಿ ಬಿದ್ದದ್ದಲ್ಲ, ಅಂಟುವ ಕಾಯಿಲೆಯಂತೂ ಅಲ್ಲವೇ ಅಲ್ಲ. ಅಕ್ಕಪಕ್ಕದ ಮಕ್ಕಳು ಜೊತೆಗೆ ಕೂತರೆ ಅವರಿಗೆ ಏನೂ ಆಗುವುದಿಲ್ಲ.

ಈಗ ಮೊದಲನೆಯ ಪ್ರಶ್ನೆ. ನಾನು ವೈದ್ಯನಲ್ಲ. ರಕ್ತ ಕೊಡಲು, ಕೊಡಿಸಲು, ಜೊತೆಗೆ ಕೂರಲು ಮಕ್ಕಳ ವಾರ್ಡಿಗೆ ಹೋಗಿಬರುವವನು. ಕಂಡದ್ದು, ಅಲ್ಲಿನ ಸಿಸ್ಟರ್‌ಗಳಿಂದ ಕೇಳಿ ತಿಳಿದದ್ದು ಇಷ್ಟು.

ಮೊದಲ ದಿನಗಳು ಬರೀ ಕ್ಯೂ ಮತ್ತು ಕಾಯುವುದು. ಫೈಲು ಮಾಡಿಸುವುದು, ರಕ್ತ ಪರೀಕ್ಷೆ, ಸ್ಕ್ಯಾನು. ಆಮೇಲೆ ಸೊಂಟದ ಮೂಳೆಯಿಂದ ಸೂಜಿ ಹಾಕಿ ಮಜ್ಜೆ ತೆಗೆಯುತ್ತಾರೆ. ಜಾಗವನ್ನು ಮರಗಟ್ಟಿಸಿಯೋ ಮಗುವಿಗೆ ಮಂಪರು ಬರಿಸಿಯೋ ಮಾಡುತ್ತಾರೆ. ಅದರ ಪೂರ್ತಿ ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ಆ ದಿನಗಳೇ ಕಷ್ಟ, ಮುಂದಿನ ಎರಡು ವರ್ಷಕ್ಕಿಂತ ಕಷ್ಟ ಎಂದು ತಾಯಂದಿರು ಹೇಳಿದ್ದನ್ನು ಕೇಳಿದ್ದೇನೆ. ರೇಷನ್ ಕಾರ್ಡು, ಮಗುವಿನ ಮತ್ತು ತಂದೆತಾಯಿಯ ಆಧಾರ್ ಮೊದಲ ದಿನವೇ ಕೈಯಲ್ಲಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇದು ಯಾರ ದಯೆಯೂ ಅಲ್ಲ, ಕೌಂಟರಿನಲ್ಲಿ ತಲೆ ತಗ್ಗಿಸಿ ನಿಲ್ಲಬೇಡಿ. ರೈಲಿನಲ್ಲಿ ಬರುವವರಿಗೆ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವವರಿಗೂ ಟಿಕೆಟಿನಲ್ಲಿ ರಿಯಾಯಿತಿ ಇದೆ, ಅದಕ್ಕೆ ಆಸ್ಪತ್ರೆಯಿಂದ ಫಾರಂ ಬರೆಸಿಕೊಳ್ಳಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದಾಗ, ಇದರಲ್ಲಿ ಏನಿದೆ ಕನ್ನಡದಲ್ಲಿ ಹೇಳಿ ಎಂದು ಕೇಳಿ. ಒಂದು ನೋಟ್‌ಬುಕ್ ಇಟ್ಟು ತಾರೀಖು ಹಾಕಿ ಬರೆದುಕೊಳ್ಳಿ. ಓದು ಬರಹಕ್ಕಾಗಿ ನಮ್ಮ ಹಿರಿಯರು ಅಷ್ಟು ಹೋರಾಡಿದ್ದು ಇಂಥ ಹೊತ್ತಿಗೂ ಹೌದು.

ಚಿಕಿತ್ಸೆಯ ಮೊದಲ ಘಟ್ಟ ಸುಮಾರು ನಾಲ್ಕೈದು ವಾರ. ಸ್ಟೀರಾಯ್ಡ್ ಕೊಡುವಾಗ ಮಗುವಿನ ಮುಖ ಊದಿಕೊಳ್ಳುತ್ತದೆ, ನಡುರಾತ್ರಿ ಎದ್ದು ಅನ್ನ ಕೇಳುತ್ತದೆ, ಕಾರಣವಿಲ್ಲದೆ ಸಿಡುಕುತ್ತದೆ. ಅದು ಔಷಧಿಯ ಸಿಡುಕು, ಮಗುವಿನದಲ್ಲ. ಕೂದಲು ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಬೆನ್ನಿನ ಕೆಳಗೆ ಸೂಜಿ ಹಾಕಿ ಔಷಧಿ ಕೊಡುವುದನ್ನು ಕಂಡು ಎಲ್ಲರೂ ಹೆದರುತ್ತಾರೆ. ನರಕ್ಕೆ ಹಾಕಿದ ಔಷಧಿ ಮೆದುಳಿನ ಸುತ್ತಲಿನ ನೀರಿಗೆ ಸರಿಯಾಗಿ ತಲುಪುವುದಿಲ್ಲ, ಕಾಯಿಲೆಯ ಕಣ ಅಲ್ಲಿ ಅಡಗಿ ಕೂರಬಹುದು, ಅದಕ್ಕೇ ಆ ಸೂಜಿ.

ಆ ಸೂಜಿಯ ಹೊತ್ತಿಗೆ ಮಗುವನ್ನು ಬಗ್ಗಿಸಿ ಹಿಡಿದುಕೊಳ್ಳಲು ತಂದೆಗೋ ತಾಯಿಗೋ ಹೇಳುವುದುಂಟು. ಕೈ ನಡುಗುತ್ತದೆ. ನನಗೆ ಆಗ ನೆನಪಾಗುವುದು ಮಜ್ಝಿಮ ನಿಕಾಯದ ಅಭಯ ರಾಜಕುಮಾರ. ಅವನ ತೊಡೆಯ ಮೇಲೆ ಒಂದು ಎಳೆಗೂಸು ಮಲಗಿತ್ತು. ಈ ಮಗು ಕಡ್ಡಿಯನ್ನೋ ಕಲ್ಲಿನ ಚೂರನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯ ಎಂದು ಬುದ್ಧರು ಕೇಳಿದರು. ತೆಗೆಯುತ್ತೇನೆ, ಸುಲಭವಾಗಿ ಬರದಿದ್ದರೆ ತಲೆ ಹಿಡಿದು, ಬೆರಳು ಹಾಕಿ, ರಕ್ತ ಬಂದರೂ ತೆಗೆಯುತ್ತೇನೆ, ಮಗುವಿನ ಮೇಲಿನ ಕರುಣೆಯಿಂದ ಎಂದ ಅಭಯ. ಅಪ್ರಿಯವಾದರೂ ಸತ್ಯವಾದ, ಹಿತವಾದ ಮಾತನ್ನು ತಾನು ಸಮಯ ನೋಡಿ ಆಡುತ್ತೇನೆ ಎಂದು ವಿವರಿಸಲು ಬುದ್ಧರು ಕೊಟ್ಟ ಉದಾಹರಣೆ ಇದು. ವಾರ್ಡಿನಲ್ಲಿ ಎರಡಕ್ಕೂ ಸಲ್ಲುತ್ತದೆ. ಹಿಡಿದುಕೊಳ್ಳುವ ಕೈ ಕ್ರೂರಿಯಲ್ಲ. ಮಗುವಿಗೆ "ಸೂಜಿ ಇಲ್ಲ, ಸುಮ್ನೆ ಬಾ" ಎಂದು ಸುಳ್ಳು ಹೇಳಿ ಕರೆದೊಯ್ಯುವುದು ಬೇಡ. ಸುಳ್ಳು ಒಂದೇ ಸಲ ನಡೆಯುತ್ತದೆ, ಆಮೇಲೆ ಎರಡು ವರ್ಷ ಆ ಮಗು ಯಾರನ್ನೂ ನಂಬುವುದಿಲ್ಲ. "ಚುಚ್ಚುತ್ತಾರೆ, ನೋಯುತ್ತೆ, ನಾನು ಕೈ ಹಿಡ್ಕೊಂಡಿರ್ತೀನಿ" ಎಂದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

*ಜ್ವರದ ವಿಷಯ.* ಇದೊಂದನ್ನು ಮಾತ್ರ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಔಷಧಿಯಿಂದ ಬಿಳಿ ರಕ್ತಕಣ ಇಳಿದುಹೋದಾಗ ಸಣ್ಣ ಸೋಂಕೂ ಗಂಟೆಗಳಲ್ಲಿ ಜೀವಕ್ಕೆ ಬರುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಹಗಲೋ ರಾತ್ರಿಯೋ ನೋಡದೆ ಆಸ್ಪತ್ರೆಗೆ ಫೋನು ಮಾಡಿ ಹೊರಡಬೇಕು. ಮಾತ್ರೆ ಕೊಟ್ಟು ಬೆಳಗಾಗಲಿ ನೋಡೋಣ ಎನ್ನುವುದು ಇಲ್ಲಿ ನಡೆಯುವುದಿಲ್ಲ. ಬೀದಿಯಲ್ಲಿ ಯಾವ ಮಗುವಿಗಾದರೂ ಚಿಕನ್‌ಪಾಕ್ಸ್ ಗುಳ್ಳೆ, ದಡಾರ ಎದ್ದಿದ್ದು ನಮ್ಮ ಮಗು ಅದರ ಜೊತೆ ಇದ್ದಿದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಬೇಕು. "ಅಮ್ಮ ಎದ್ದಿದೆ" ಎಂದು ಬೇವಿನಸೊಪ್ಪು ಕಟ್ಟಿ ಕೂರುವ ಹಾಗಿಲ್ಲ.

ಊಟದ ಬಗ್ಗೆ ಬಂಧುಗಳು ನೂರು ಹೇಳುತ್ತಾರೆ. ಬಿಸಿಬಿಸಿಯಾಗಿ ಆಗಲೇ ಬೇಯಿಸಿದ್ದು, ಕಾಯಿಸಿ ಆರಿಸಿದ ನೀರು, ತೊಳೆದು ಸಿಪ್ಪೆ ಸುಲಿದ ಹಣ್ಣು ಇಷ್ಟು ಸಾಕು. ಚೆನ್ನಾಗಿ ಬೆಂದ ಮೊಟ್ಟೆ, ಮಾಂಸ ಕೊಟ್ಟರೆ ಮಗುವಿಗೆ ಬಲ. ಅದನ್ನು ಬಿಟ್ಟರೆ ಕಾಯಿಲೆ ವಾಸಿ ಎನ್ನುವವರ ಮಾತಿನಲ್ಲಿ ಔಷಧಿಗಿಂತ ಜಾತಿಯೇ ಹೆಚ್ಚಿರುತ್ತದೆ. ಸೊಪ್ಪಿನ ರಸ, ನಾಟಿ ಪುಡಿ ಯಾವುದನ್ನೂ ಡಾಕ್ಟರಿಗೆ ಹೇಳದೆ ಕೊಡಬೇಡಿ.

ವಿನಯ ಪಿಟಕದ ಮಹಾವಗ್ಗದಲ್ಲಿ ಅತಿಸಾರವಾಗಿ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಖುವಿನ ಪ್ರಸಂಗ ನಮಗೆಲ್ಲ ಗೊತ್ತು. ಬುದ್ಧರು ನೀರು ಹಾಕಿದರು, ಆನಂದ ತೊಳೆದರು, ತಲೆಯ ಕಡೆ ಬುದ್ಧರು ಕಾಲಿನ ಕಡೆ ಆನಂದ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ತನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದದ್ದು ಆಗಲೇ. ಅದೇ ಅಧ್ಯಾಯದಲ್ಲಿ ಒಳ್ಳೆಯ ಶುಶ್ರೂಷಕನ ಗುಣಗಳೂ ಇವೆ: ಔಷಧಿ ಸಿದ್ಧಮಾಡಲು ಬರಬೇಕು, ಯಾವುದು ಆಗುತ್ತದೆ ಯಾವುದು ಆಗದು ತಿಳಿದಿರಬೇಕು, ಲಾಭಕ್ಕಲ್ಲದೆ ಮೈತ್ರಿಯಿಂದ ಮಾಡಬೇಕು, ವಾಂತಿ ಮೂತ್ರಕ್ಕೆ ಹೇಸಬಾರದು, ಧಮ್ಮದ ಮಾತಿನಿಂದ ಮನಸ್ಸು ಎತ್ತಬೇಕು. ನಾನು ಅಲ್ಲಿ ನೋಡುವುದೇನೆಂದರೆ, ವಾಂತಿ ಬಳಿಯುವ ಕೆಲಸಕ್ಕೆ ಯಾವಾಗಲೂ ತಾಯಿ. ತಂದೆ ಹೊರಗೆ ಕಾರಿಡಾರಿನಲ್ಲಿ ಫೋನು ಹಿಡಿದು ನಿಂತಿರುತ್ತಾನೆ. ಬುದ್ಧರೂ ಆನಂದರೂ ಗಂಡಸರೇ.

ರೋಗಿಯ ಬಗ್ಗೆಯೂ ಅಲ್ಲಿ ಒಂದು ಮಾತಿದೆ, ಇದ್ದ ಸ್ಥಿತಿಯನ್ನು ಇದ್ದಂತೆ ಹೇಳುವವನನ್ನು ನೋಡಿಕೊಳ್ಳುವುದು ಸುಲಭ ಎಂದು. ಮಾತ್ರೆ ತಪ್ಪಿದ್ದರೆ ತಪ್ಪಿದೆ ಎಂದು ಡಾಕ್ಟರಿಗೆ ಹೇಳಿ. ಬೈಗುಳ ಬಿದ್ದರೂ ಪರವಾಗಿಲ್ಲ.

ಈಗ ನನಗೆ ಅತಿ ಭಯವಿರುವ ಸಂಗತಿ. ಮೊದಲ ಘಟ್ಟ ಮುಗಿದಾಗ ಬಹುಪಾಲು ಮಕ್ಕಳ ಮಜ್ಜೆಯಲ್ಲಿ ಕಾಯಿಲೆಯ ಕಣ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಮಗು ಓಡಾಡುತ್ತದೆ, ಆಡುತ್ತದೆ. ಊರಿನಲ್ಲಿ ಕೂಲಿ ಹೋಗಿದೆ, ಸಾಲವಾಗಿದೆ, ದೊಡ್ಡ ಮಗುವಿನ ಶಾಲೆ ಕೆಟ್ಟಿದೆ. "ವಾಸಿಯಾಯ್ತಲ್ಲ" ಎಂದು ಕೆಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಪೂರ್ತಿ ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ, ಅದರಲ್ಲಿ ಹೆಚ್ಚಿನ ಕಾಲ ಮನೆಯಲ್ಲೇ ಮಾತ್ರೆ, ಆಗಾಗ ತಪಾಸಣೆ. ನಡುವೆ ಬಿಟ್ಟರೆ ಕಾಯಿಲೆ ಮರಳುತ್ತದೆ, ಮರಳಿದ್ದು ಮೊದಲಿನಷ್ಟು ಸುಲಭವಾಗಿ ಬಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ ಶೇಕಡ 30ಕ್ಕಿಂತ ಕಡಿಮೆ. ತಡವಾಗಿ ಬರುವುದು, ನಡುವೆ ಬಿಟ್ಟುಹೋಗುವುದು ಇದರ ಕಾರಣಗಳಲ್ಲಿ ಸೇರಿವೆ. ನಮ್ಮ ದೇಶದಲ್ಲಿ ಚಿಕಿತ್ಸೆಗೆ ಬರುವ ಮಕ್ಕಳಲ್ಲಿ ಹುಡುಗಿಯರು ಹುಡುಗರಿಗಿಂತ ಕಡಿಮೆ. ಹೆಣ್ಣುಮಗುವಿಗೆ ಇಷ್ಟು ಖರ್ಚು ಯಾಕೆ ಎಂಬ ಮಾತು ನಮ್ಮ ಮನೆಗಳ ಹೊಸಿಲನ್ನೂ ದಾಟಿ ಬರುತ್ತದೆ. ಬಂದರೆ ಅಲ್ಲೇ ತಡೆಯಿರಿ.

ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಅದನ್ನು ಡಾಕ್ಟರ್ ಹೇಳುವ ದಿನ ಬಂದರೆ, ನೋವಿಲ್ಲದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ, ಅದನ್ನು ಕೇಳಿ ಪಡೆಯಬೇಕು. ಆದರೆ ಒಂದು ವಿನಂತಿ. ಚಿಕಿತ್ಸೆಯಲ್ಲಿರುವ ಮಗುವಿನ ತಾಯಿಗೆ ಕಿಸಾಗೋತಮಿಯ ಸಾಸಿವೆಯ ಕಥೆಯನ್ನು ಫಾರ್ವರ್ಡ್ ಮಾಡಬೇಡಿ. ಆ ಕಥೆ ಮಗು ಸತ್ತ ಮೇಲಿನದು. ಬುದ್ಧರು ಅದನ್ನು ಅವಳಿಗೆ ಉಪದೇಶವಾಗಿಯೂ ಹೇಳಲಿಲ್ಲ, ಮನೆಮನೆಗೆ ನಡೆದು ತಾನೇ ಕಾಣಲು ಬಿಟ್ಟರು. ಉಸಿರಾಡುತ್ತಿರುವ ಮಗುವಿನ ತಾಯಿಗೆ ಅನಿಚ್ಚ ಬೋಧಿಸುವುದಕ್ಕಿಂತ ಒಂದು ಡಬ್ಬಿ ಬಿಸಿ ಅನ್ನ ಒಯ್ಯುವುದು ಮೇಲು.

ವಲಯದವರು ಮಾಡಬೇಕಾದದ್ದು ಇದೆ. ಮಗುವಿನ ಅಕ್ಕ ನಾಲ್ಕನೇ ತರಗತಿ, ಅವಳನ್ನು ಈಗ ಯಾರೂ ಕೇಳುತ್ತಿಲ್ಲ. ಅವಳ ಪಾಠ, ಸಂಜೆ ಊಟ ಎರಡು ಮನೆಯವರು ಹಂಚಿಕೊಳ್ಳಿ. ರಕ್ತಕ್ಕಿಂತ ಪ್ಲೇಟ್‌ಲೆಟ್ ಹೆಚ್ಚು ಬೇಕಾಗುತ್ತದೆ, ಅದು ಸಾಮಾನ್ಯವಾಗಿ ಐದೇ ದಿನ ಇರುತ್ತದೆ, ಆದ್ದರಿಂದ ಒಂದೇ ದಿನ ಇಪ್ಪತ್ತು ಜನ ಹೋದರೆ ಪ್ರಯೋಜನವಿಲ್ಲ, ಸರದಿ ಬೇಕು. 18 ತುಂಬಿದ, 45 ಕಿಲೋ ಮೇಲಿನ ಆರೋಗ್ಯವಂತರು ಹೆಸರು, ರಕ್ತದ ಗುಂಪು, ಕೊನೆಯ ಸಲ ರಕ್ತ ಕೊಟ್ಟ ತಿಂಗಳು ಮೂರನ್ನೂ ಬರೆದು ಶನಿವಾರದೊಳಗೆ ನನಗೆ ಕಳಿಸಿ. ಗುಂಪಿನಲ್ಲಿ ಹಾಕಬೇಡಿ, ನೇರ ನನ್ನ ನಂಬರಿಗೆ. ಭಾನುವಾರ ವಂದನೆಯ ನಂತರ ಸರದಿ ಪಟ್ಟಿ ಓದುತ್ತೇನೆ.

ಜೈ ಭೀಮ್.