ಚಾವಣಿ ತೆರೆದ ನಾಲ್ವರು



ಸಂತ ಮಾರ್ಕನ ಶುಭಸಂದೇಶದ 2ನೇ ಅಧ್ಯಾಯವನ್ನು ನೆನೆಯಿರಿ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು. ಬಾಗಿಲ ತುಂಬ ಜನಸಂದಣಿ. ಅವರು ಹಿಂದಿರುಗಲಿಲ್ಲ, ಚಾವಣಿ ತೆರೆದು ಹಾಸಿಗೆಯನ್ನು ಕೆಳಗಿಳಿಸಿದರು. ಯೇಸುಸ್ವಾಮಿ ಕಂಡದ್ದು ಅವರ ವಿಶ್ವಾಸವನ್ನು. ಆ ವಿಶ್ವಾಸ ಕೈಕಟ್ಟಿ ಕೂರಲಿಲ್ಲ, ಉಪಾಯ ಹುಡುಕಿತು.

ನಮ್ಮ ಕೋಲಾರ ಚಿನ್ನದ ಗಣಿಗಳ ಊರು ಬೆಳೆದದ್ದೂ ಉಪಾಯದಿಂದಲೇ. ಸುಮಾರು 147 ಕಿ.ಮೀ. ದೂರದ ಶಿವನಸಮುದ್ರದಿಂದ 1902ರಲ್ಲೇ ಇಲ್ಲಿಗೆ ವಿದ್ಯುತ್ ಹರಿಯಿತು. ಬೇತಮಂಗಲದಿಂದ ಕೊಳವೆಯಲ್ಲಿ ನೀರು ಬಂತು. 2001ರಲ್ಲಿ ಗಣಿ ಮುಚ್ಚಿತು, ಕಷ್ಟಗಳು ಮುಚ್ಚಲಿಲ್ಲ. ಅವುಗಳಿಗೆ ಉಪಾಯ ಹುಡುಕಲು ಎಂಜಿನಿಯರರೇ ಬೇಕೆಂದಿಲ್ಲ.

ಇಂದು ಸಂಜೆ ಜಪಸರದ ನಂತರ ಹತ್ತು ನಿಮಿಷ ಒಟ್ಟಿಗೆ ಕುಳಿತುಕೊಳ್ಳಿ. "ನಮ್ಮ ಮನೆಯಲ್ಲಿ ಯಾರ ಹೊರೆ ಹೆಚ್ಚು?" ಎಂದು ಕೇಳಿ. ಗಣಿಯ ದೂಳಿಗೆ ಎದೆ ಸೋತ ತಾತನಿಗೆ ರಾತ್ರಿ ಕೂಗಲು ಉಸಿರು ಸಾಲದೇ? ಹಾಸಿಗೆಯ ಬಳಿ ಒಂದು ಗಂಟೆ ಕಟ್ಟಬಹುದು. ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗುವ ತಂದೆ, ಮಗು ಏಳುವ ಮುಂಚೆಯೇ ರೈಲು ಹಿಡಿಯುತ್ತಾರೆಯೇ? ಬಾಗಿಲ ಬಳಿ ಒಂದು ಸ್ಲೇಟು ತೂಗುಹಾಕಿ. ಇಬ್ಬರೂ ಒಬ್ಬರಿಗೊಬ್ಬರು ಎರಡು ಸಾಲು ಬರೆಯಲಿ. ನೀರಿನ ಕೊಡ ಹೊತ್ತು ತಾಯಿಯ ಸೊಂಟ ಸೋತಿದೆಯೇ? ಯೋಚಿಸಿ.

ಎಲ್ಲರ ಮಾತನ್ನೂ ಬರೆದುಕೊಳ್ಳಿ. ಚಿಕ್ಕ ಮಗುವಿನ ಸಲಹೆಗೆ ನಗಬೇಡಿ. ಒಂದನ್ನು ಆರಿಸಿ ಈ ವಾರವೇ ಮಾಡಿ ನೋಡಿ, ಆಗದಿದ್ದರೆ ಇನ್ನೊಂದು.

ಬಾಗಿಲು ಮುಚ್ಚಿದೆಯೆಂದು ಗೊಣಗುವುದು ಸುಲಭ. ಆದರೆ ಹಾಸಿಗೆಯಲ್ಲಿರುವವರು ನಮ್ಮವರೇ ಅಲ್ಲವೇ? ಅವರಿಗಾಗಿ ಚಾವಣಿ ತೆರೆಯುವ ಬುದ್ಧಿಯನ್ನೂ ಪ್ರೀತಿಯನ್ನೂ ಪವಿತ್ರಾತ್ಮರು ನಿಮ್ಮ ಕುಟುಂಬಕ್ಕೆ ದಯಪಾಲಿಸಲಿ.