ಯಾವ ಹೊಸ್ತಿಲು?

ಮದ್ಯವನ್ನು ವರ್ಜಿಸಿದ ಗೃಹಸ್ಥರಿಗೆ ಪಾನಗೃಹದ ಮಾತು ರುಚಿಸದಿರಬಹುದು. ಆದರೂ ಲಂಡನ್ ನಗರದ 'ರಾಯಲ್ ವಾಕ್ಸ್‌ಹಾಲ್ ಟ್ಯಾವರ್ನ್' ವಿಚಾರಯೋಗ್ಯವಾದುದು. 1860ರ ದಶಕದ ಆರಂಭದಲ್ಲಿ ಕಟ್ಟಿದ ಈ ಮನೆಯಲ್ಲಿ ಪಾನದೊಡನೆ ಹಾಡು, ಹಾಸ್ಯ, ಸ್ತ್ರೀವೇಷದ ಆಟಗಳೂ ನಡೆದುಬಂದಿವೆ. ಗಂಡಸರಿಬ್ಬರ ದೇಹಸಂಬಂಧವು ಇಂಗ್ಲೆಂಡಿನಲ್ಲಿ 1967ರವರೆಗೆ ಶಿಕ್ಷಾರ್ಹವಾಗಿತ್ತು. ಅನಂತರವೂ ಲೋಕದ ತಿರಸ್ಕಾರ ತೀರಲಿಲ್ಲ. ಅಂಥವರಿಗೆ ಎಡೆಯಿತ್ತುದು ಈ ಅಂಗಡಿ. 1987ರಲ್ಲಿ ಪೋಲೀಸರು ಏಡ್ಸ್ ರೋಗದ ಅಂಜಿಕೆಯಿಂದ ರಬ್ಬರಿನ ಕೈಗವಸು ತೊಟ್ಟು ಇಲ್ಲಿಗೆ ನುಗ್ಗಿದರು. ಮುಟ್ಟಲು ಹೇಸುವ ಕೈಯನ್ನು ನಮ್ಮ ನಾಡೂ ಕಂಡಿದೆಯಷ್ಟೆ! ಕುಡಿತವನ್ನು ನಾವು ಮೆಚ್ಚಲಾರೆವು. ಆದರೆ ಹೆತ್ತವರ ಮನೆಯಲ್ಲಿ ದೊರೆಯದ ಆದರವು ಒಬ್ಬನಿಗೆ ಮದ್ಯದಂಗಡಿಯಲ್ಲಿ ದೊರೆತರೆ, ದೋಷವನ್ನು ಮೊದಲು ಯಾವ ಹೊಸ್ತಿಲಲ್ಲಿ ಎಣಿಸಬೇಕು? 2015ರಲ್ಲಿ ಅಲ್ಲಿನ ಸರ್ಕಾರವು, ಆ ಜನರ ಇತಿಹಾಸವನ್ನು ನೆನೆದೇ, ಇದನ್ನು ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು.