244 ಗ್ರಾಂ

ನನ್ನ ಪಿಎಚ್.ಡಿ. ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಒಂದು ವಾಕ್ಯ ಬರೆದಿದ್ದೆ: 'ಶಿಶುಮರಣಕ್ಕೆ ತಾಯಿಯ ಜನಾಂಗವೂ ಒಂದು ಅಪಾಯಕಾರಿ ಅಂಶ.' ವೈದ್ಯಕೀಯ ಲೇಖನಗಳಲ್ಲಿ ಇಂಥ ವಾಕ್ಯಗಳಿಗೆ ಬರವಿಲ್ಲ. ಗೈಡ್ ಅದರಡಿ ಪೆನ್ಸಿಲಿನಲ್ಲಿ ಗೆರೆ ಎಳೆದು, 'ಅಪಾಯ ತಾಯಿಯಿಂದಲೋ, ತಾಯಿಗೋ?' ಎಂದು ಕೇಳಿದ್ದರು. ನನಗೆ ಸಿಟ್ಟು ಬಂತು. ಅಂಕಿಅಂಶ ಸರಿಯಾಗಿಯೇ ಇತ್ತಲ್ಲ!

ಅಂಕಿಅಂಶವೇನೋ ಸರಿ. ಅಮೆರಿಕದಲ್ಲಿ ಕಪ್ಪು ಜನರ ಕೂಸುಗಳು ವರ್ಷ ತುಂಬುವ ಮೊದಲೇ ಸಾಯುವ ಪ್ರಮಾಣ ಬಿಳಿಯರ ಕೂಸುಗಳದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಬಡತನ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ತಂದೆತಾಯಿ ಇಬ್ಬರೂ ಕಾಲೇಜು ಮುಗಿಸಿದ ಕುಟುಂಬಗಳನ್ನಷ್ಟೇ ನೋಡಿತು. ಅಲ್ಲೂ ಕಪ್ಪು ಕೂಸುಗಳಲ್ಲಿ ಸಾವಿರಕ್ಕೆ 10.2, ಬಿಳಿಯರಲ್ಲಿ 5.4. ವ್ಯತ್ಯಾಸವೆಲ್ಲ ಇದ್ದದ್ದು ಕಡಿಮೆ ತೂಕದ ಕೂಸುಗಳಲ್ಲಿ. ಸಹಜ ತೂಕದವುಗಳಲ್ಲಿ ಅಂತರವಿರಲಿಲ್ಲ.

ಹಾಗಾದರೆ ತೂಕ ರಕ್ತದಲ್ಲೇ ಬಂದದ್ದೆ? 1997ರಲ್ಲಿ ರಿಚರ್ಡ್ ಡೇವಿಡ್ ಮತ್ತು ಜೇಮ್ಸ್ ಕಾಲಿನ್ಸ್ ಎಂಬ ವೈದ್ಯರು ಇಲಿನಾಯ್ ರಾಜ್ಯದ ಜನನ ದಾಖಲೆಗಳನ್ನು ತೆಗೆದು ನೋಡಿದರು. ಅಮೆರಿಕದಲ್ಲಿ ಹುಟ್ಟಿದ ಬಿಳಿಯ ತಾಯಂದಿರ ಕೂಸುಗಳ ಸರಾಸರಿ ತೂಕ 3446 ಗ್ರಾಂ, ಆಫ್ರಿಕಾದಿಂದ ವಲಸೆ ಬಂದ ತಾಯಂದಿರದ್ದು 3333, ಅಮೆರಿಕದಲ್ಲೇ ಹುಟ್ಟಿದ ಕಪ್ಪು ತಾಯಂದಿರದ್ದು 3089. ವಂಶವಾಹಿಯೇ ಕಾರಣವಾಗಿದ್ದರೆ ಆಫ್ರಿಕಾದಿಂದ ನೇರ ಬಂದವರ ಕೂಸುಗಳೇ ಎಲ್ಲಕ್ಕಿಂತ ಹಗುರವಾಗಿರಬೇಕಿತ್ತು. ವಲಸೆ ಬರುವವರು ಮೊದಲೇ ಗಟ್ಟಿಮುಟ್ಟು ಎನ್ನುವ ತಕರಾರು ನ್ಯಾಯವಾದದ್ದೇ. ಆದರೆ ಇದೇ ವೈದ್ಯರು ಮುಂದೆ ತಲೆಮಾರುಗಳನ್ನು ಹಿಂಬಾಲಿಸಿದರು. ವಲಸೆ ಬಂದ ಕಪ್ಪು ತಾಯಿಗೆ ಅಮೆರಿಕದಲ್ಲಿ ಹುಟ್ಟಿದ ಮಗಳು ಹೆತ್ತ ಹೆಣ್ಣುಕೂಸು, ಸರಾಸರಿಯಲ್ಲಿ, ತನ್ನ ತಾಯಿ ಹುಟ್ಟಿದಾಗ ಇದ್ದದ್ದಕ್ಕಿಂತ ಹಗುರ. ಯುರೋಪಿನಿಂದ ಬಂದವರಲ್ಲಿ ಇದು ತಿರುಗಾಮುರುಗಾ: ಮೊಮ್ಮಗಳ ತೂಕ ಏರಿತ್ತು.

ಆ ದೇಶದಲ್ಲಿ ಕಪ್ಪು ಹೆಣ್ಣಾಗಿ ಬೆಳೆಯುವುದೇ 244 ಗ್ರಾಂ ಕಿತ್ತುಕೊಳ್ಳುತ್ತದೆ ಎಂದು ನಾನು ಓದಿಕೊಂಡೆ. ಕಿತ್ತುಕೊಂಡವರು ಯಾರು? ಒಬ್ಬ ನರ್ಸೂ ಅಲ್ಲ, ಬಾಡಿಗೆಗೆ ಮನೆ ಇಲ್ಲವೆಂದ ಒಬ್ಬ ಮಾಲೀಕನೂ ಅಲ್ಲ. ಮಾಡಿದವನಿಲ್ಲದೆ ಅನ್ಯಾಯವಿರಬಹುದೇ? ಐರಿಸ್ ಮೇರಿಯನ್ ಯಂಗ್ ಇರಬಹುದೆನ್ನುತ್ತಾರೆ. ರಚನೆಯೇ ಅನ್ಯಾಯದ್ದಾದಾಗ ತಪ್ಪಿತಸ್ಥರನ್ನು ಹುಡುಕುವುದಕ್ಕಿಂತ, ಅದರಲ್ಲಿ ಪಾಲುಳ್ಳವರೆಲ್ಲ ಅದನ್ನು ಬದಲಿಸುವ ಹೊಣೆ ಹೊರಬೇಕು ಎಂಬುದು ಅವರ ವಾದ. ನಾನು ಒಪ್ಪುತ್ತೇನೆ, ಆದರೆ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಕೂಸು ಕಳೆದುಕೊಂಡವಳ ಎದುರು ನಿಂತು 'ಯಾರದ್ದೂ ತಪ್ಪಿಲ್ಲಮ್ಮ, ಎಲ್ಲರ ಹೊಣೆ' ಎಂದು ಹೇಳಲು ನನಗಂತೂ ಬಾಯಿ ಬರದು.

ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಶಿಶುಮರಣದ ಕೋಷ್ಟಕದಲ್ಲೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಎಂಬ ಸಾಲುಗಳಿವೆ. ಅವನ್ನೂ ನಾನು ಇಷ್ಟು ದಿನ 'ಅಂಶ'ಗಳೆಂದೇ ಓದಿದ್ದೆ.

ವಾಕ್ಯ ಹೊಡೆದುಹಾಕಿದ್ದೇನೆ. ಅದರ ಜಾಗದಲ್ಲಿ ಬರೆದದ್ದು ಈಗ ಒಂದು ಪುಟ ದಾಟಿದೆ. ಗೈಡ್ ಇನ್ನೂ ನೋಡಿಲ್ಲ.